ಫೈಬರ್ ದೋಣಿ ನೀರು ಕುಡಿದಿದೆಯೇ? ಬೇಸಿಗೆ ಮುಗಿಯುವುದರೊಳಗೆ ಒಣಗಿಸಿ

ಆಲಮಟ್ಟಿ ಹಿನ್ನೀರು ಇಳಿಯತೊಡಗಿ, ಬೀಳಗಿ, ಕೊಲ್ಹಾರದ ಕಡೆ ದಂಡೆಯ ಎರೆಮಣ್ಣು ಬಿರುಕು ಬಿಡುವ ಹೊತ್ತಿಗೆ ಫೈಬರ್ ದೋಣಿಗಳನ್ನು ಮೇಲೆ ಎಳೆಯುವ ಕಾಲ ಬರುತ್ತದೆ. ತಿಂಗಳುಗಟ್ಟಲೆ ನೀರಲ್ಲೇ ನಿಂತ ದೋಣಿಯ ತಳಕ್ಕೆ ತೇವ ಅಳೆಯುವ ಮೀಟರ್ ಹಿಡಿದರೆ ಮುಳ್ಳು ಸರ್ರನೆ ಬಲಕ್ಕೆ ಹೋಗಿ ನಿಲ್ಲಬಹುದು. ಆಗ ಜನ ಎರಡರಲ್ಲೊಂದು ತಪ್ಪು ಮಾಡುತ್ತಾರೆ. ದೋಣಿ ಕೆಟ್ಟೇ ಹೋಯಿತೆಂದು ಗುಜರಿ ಬೆಲೆಗೆ ಕೊಟ್ಟುಬಿಡುತ್ತಾರೆ, ಇಲ್ಲವೇ ಅದೇ ವಾರ ಎರಡು ಕೋಟ್ ಎಪಾಕ್ಸಿ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟು) ಬಳಿದು ಮತ್ತೆ ನೀರಿಗೆ ಬಿಡುತ್ತಾರೆ. ಎರಡನೆಯದೇ ಹೆಚ್ಚು ಕೆಟ್ಟದ್ದು. ಒಳಗಿನ ತೇವಕ್ಕೆ ಹೊರಗಿನಿಂದ ಬಿರಡೆ ಜಡಿದಂತಾಗುತ್ತದೆ.

ಫೈಬರ್ ನೀರು ಹೇಗೆ ಕುಡಿಯುತ್ತದೆ ಎಂಬುದನ್ನು ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಹೇಳಿಕೊಡಬೇಕಾಗಿಲ್ಲ. ಒಣದ್ರಾಕ್ಷಿಯನ್ನು ಸಿಹಿನೀರಲ್ಲಿ ಹಾಕಿದರೆ ರಾತ್ರಿ ಕಳೆಯುವುದರೊಳಗೆ ಉಬ್ಬುತ್ತದೆ, ಗಟ್ಟಿ ಉಪ್ಪುನೀರಲ್ಲಿ ಹಾಕಿದರೆ ಅಷ್ಟು ಉಬ್ಬುವುದಿಲ್ಲ. ದೋಣಿಯ ಹೊರಮೈಯಲ್ಲಿ ಹೊಳೆಯುವ ಜೆಲ್‌ಕೋಟ್ ಎಂಬ ಪದರ ಸುಮಾರು ಅರ್ಧ ಮಿಲಿಮೀಟರ್ ದಪ್ಪವಿರುತ್ತದೆ. ಅದು ದ್ರಾಕ್ಷಿಯ ಸಿಪ್ಪೆಯಿದ್ದಂತೆ, ನೀರಿನ ಕಣಗಳನ್ನು ನಿಧಾನವಾಗಿ ಒಳಗೆ ಬಿಡುತ್ತದೆ. ಒಳಗೆ, ಫೈಬರನ್ನು ಗಟ್ಟಿ ಮಾಡುವ ರೆಸಿನ್ನಿನಲ್ಲಿ ಸರಿಯಾಗಿ ಗಟ್ಟಿಯಾಗದೆ ಉಳಿದ ಗ್ಲೈಕಾಲ್ ಎಂಬ ರಾಸಾಯನಿಕ, ಮ್ಯಾಟ್ ಎಂಬ ಗಾಜಿನ ಹಾಸಿನ ಎಳೆಗಳನ್ನು ಹಿಡಿದಿಟ್ಟ ಅಂಟು ಇರುತ್ತವೆ. ಇವು ಆ ನೀರಲ್ಲಿ ಕರಗಿ ಇನ್ನಷ್ಟು ನೀರನ್ನು ಎಳೆದುಕೊಳ್ಳುತ್ತವೆ. ಒತ್ತಡ ಹೆಚ್ಚಾದಂತೆ ಜೆಲ್‌ಕೋಟಿನ ಕೆಳಗೆ ಗುಳ್ಳೆ ಏಳುತ್ತದೆ. ಈ ರೋಗವನ್ನು ಹೆಚ್ಚಾಗಿ ಸಮುದ್ರದ ಹಾಯಿದೋಣಿಗಳ ಜೊತೆ ತಳಕು ಹಾಕಿ ಮಾತಾಡುತ್ತಾರೆ. ಆದರೆ ಉಪ್ಪುನೀರಿಗಿಂತ ಸಿಹಿನೀರಲ್ಲಿ, ತಣ್ಣೀರಿಗಿಂತ ಬೆಚ್ಚನೆಯ ನೀರಲ್ಲಿ ಇದು ಬೇಗ ಹೆಚ್ಚುತ್ತದೆ. ನಮ್ಮ ಹಿನ್ನೀರು ಸಿಹಿಯೂ ಹೌದು, ಬೆಚ್ಚಗೂ ಹೌದು.

ಮೀಟರಿನ ಮಾತು ಎಷ್ಟು ನಂಬಬೇಕು?

ಎಪಿಎಂಸಿಯಲ್ಲಿ ಗೋವಿನಜೋಳದ ತೇವ ನೋಡುವ ಮೀಟರ್ ಇಲ್ಲಿ ನಡೆಯುವುದಿಲ್ಲ. ಎರಡು ಮೊಳೆ ಚುಚ್ಚಿ ನೋಡುವ ಕಟ್ಟಿಗೆಯ ಮೀಟರೂ ಬೇಡ, ಅದು ಜೆಲ್‌ಕೋಟಿಗೆ ತೂತು ಮಾಡುತ್ತದೆ. ಮೈಗೆ ಒತ್ತಿ ಹಿಡಿದರೆ ಸಾಕಾಗುವ, ಚುಚ್ಚದ ಮೀಟರ್ ಬೇಕು. ದೋಣಿಗೆಂದೇ ಮಾಡಿದ ಟ್ರಾಮೆಕ್ಸ್ ಸ್ಕಿಪ್ಪರ್‌ನಂಥವು ದುಬಾರಿ. ಗೋಡೆಯ ತೇವ ನೋಡುವ ಚುಚ್ಚದ ಮೀಟರಿನಲ್ಲೂ ಒಂದು ಜಾಗವನ್ನು ಇನ್ನೊಂದರ ಜೊತೆ ಹೋಲಿಸಲು ಅಡ್ಡಿಯಿಲ್ಲ.

ಹೋಲಿಕೆ ಎಂಬುದೇ ಇಲ್ಲಿ ಮುಖ್ಯ. ಮೀಟರ್ 25 ತೋರಿಸಿದರೆ ಫೈಬರಿನಲ್ಲಿ ಶೇ 25 ನೀರಿದೆ ಎಂದು ಅರ್ಥವಲ್ಲ. ಶೇಕಡಾ ಅಳತೆ ಇರುವುದು ಕಟ್ಟಿಗೆಗೆ. ಫೈಬರಿನ ಮೇಲೆ ಅದು ಬರೀ ಒಂದು ಅಂಕಿ. ಹೀಗಾಗಿ ಮೊದಲು ನೀರಿಗೆ ಎಂದೂ ಮುಳುಗದ ಮೇಲಂಚಿನ ಪಕ್ಕದಲ್ಲಿ ಐದಾರು ಕಡೆ ಹಿಡಿದು ಸರಾಸರಿ ಬರೆದುಕೊಳ್ಳಿ. ಅದೇ ನಿಮ್ಮ ದೋಣಿಯ ಒಣ ಅಂಕಿ. ಮೇಲೆ 10 ಇದ್ದು ತಳದಲ್ಲಿ 14 ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಮೇಲೆ 10, ತಳದಲ್ಲಿ 40 ಎಂದರೆ ಮುಂದೆ ಓದಿ.

ತಳವನ್ನು ಅಳೆಯುವ ಮುಂಚೆ ಪಾಚಿ, ಹೂಳು ಪೂರ್ತಿ ಉಜ್ಜಿ ತೊಳೆದು ಎರಡು ದಿನ ಬಿಡಬೇಕು. ಗೀರುಗಳಲ್ಲಿ ಕೂತ ಎರೆಮಣ್ಣು ಒಣಗಿದಂತೆ ಕಂಡರೂ ತೇವ ಹಿಡಿದಿಟ್ಟುಕೊಂಡು ಮೀಟರಿಗೆ ಸುಳ್ಳು ಹೇಳಿಸುತ್ತದೆ. ತಾಮ್ರವಿರುವ ಪಾಚಿನಿರೋಧಕ ಬಣ್ಣ ಇದ್ದರೂ ಅಷ್ಟೇ. ಅಲ್ಲಲ್ಲಿ ಅಂಗೈಯಗಲ ಬಣ್ಣ ಕೆರೆದು ಅಳೆಯಿರಿ. ಒಳಗಡೆ ನೀರು ನಿಂತಿದ್ದರೆ, ಆ ಜಾಗದ ಹಿಂದೆ ಡೀಸೆಲ್ ಟ್ಯಾಂಕ್, ಬೋಲ್ಟು, ಕಬ್ಬಿಣದ ಪಟ್ಟಿ ಇದ್ದರೆ ಮುಳ್ಳು ಸುಮ್ಮನೆ ಏರುತ್ತದೆ. ಸೀಮೆಸುಣ್ಣದಿಂದ ತಳದ ಮೇಲೆ 30 ಸೆಂಟಿಮೀಟರಿನ ಚೌಕ ಹಾಕಿ, ಪ್ರತಿ ಚೌಕದ ಅಂಕಿಯನ್ನು ತಾರೀಖಿನ ಸಮೇತ ವಹಿಯಲ್ಲಿ ಬರೆಯಿರಿ. ಮುಂದಿನ ಸಲ ಅಳೆಯುವುದು ಅದೇ ಹೊತ್ತಿಗೆ, ಬೆಳಿಗ್ಗೆ ಬಿಸಿಲೇರುವ ಮುಂಚೆ. ಕಾದ ಮೈ ಬೇರೆ ಅಂಕಿ ಕೊಡುತ್ತದೆ.

ಮೀಟರಿನ ಜೊತೆಗೆ ಪ್ಲಾಸ್ಟಿಕ್ ತುದಿಯ ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋಗಿ. ಗಟ್ಟಿ ಫೈಬರ್ ಟಣ್ ಎನ್ನುತ್ತದೆ. ಪದರ ಬಿಟ್ಟಿದ್ದರೆ ದಬ್ ಎನ್ನುತ್ತದೆ, ಒಡಕು ಹಲಗೆಯ ಸದ್ದು. ಗುಳ್ಳೆ ಕಂಡರೆ ಕನ್ನಡಕ ಹಾಕಿಕೊಂಡೇ ಚುಚ್ಚಿ, ಒಳಗೆ ಒತ್ತಡವಿದ್ದು ಕಣ್ಣಿಗೆ ಚಿಮ್ಮುತ್ತದೆ. ಬಂದ ದ್ರವ ಬೆರಳಿಗೆ ಜಾರುವಂತಿದ್ದು ವಿನೆಗರಿನ ಹಾಗೆ ಹುಳಿ ವಾಸನೆ ಹೊಡೆದರೆ ಅದು ರೆಸಿನ್ ಒಡೆದು ಬಂದ ರಸ. ವಾಸನೆಯಿಲ್ಲದ ಬರೀ ನೀರಾದರೆ ಎಲ್ಲೋ ಸೋರಿಕೆ ಇದೆ, ಆ ತೂತನ್ನು ಮೊದಲು ಹುಡುಕಿ.

ತೂಕ ಹಾಕಿ ನೋಡಿ

ಹೆಚ್ಚಿನವರು ಬಿಡುವ ಹಂತ ಇದು, ಖರ್ಚೂ ಇಲ್ಲ. ಪಾಲಿಯೆಸ್ಟರ್ ರೆಸಿನ್ನಿನ ಫೈಬರ್ ಪೂರ್ತಿ ನೆನೆದರೂ ತನ್ನ ತೂಕದ ಶೇ 2–3ರ ಆಚೆ ನೀರು ಹಿಡಿಯುವುದು ಅಪರೂಪ. ಅಂದರೆ 400 ಕೆ.ಜಿ. ದೋಣಿಯ ಗೋಡೆ ಕುಡಿಯಬಲ್ಲದ್ದು ಹೆಚ್ಚೆಂದರೆ 8–12 ಲೀಟರ್. ಎಂಜಿನ್, ಬ್ಯಾಟರಿ, ಹಗ್ಗ ಎಲ್ಲ ಇಳಿಸಿ ಟ್ರಾಲಿ ಸಮೇತ ವೇಬ್ರಿಜ್ ಮೇಲೆ ನಿಲ್ಲಿಸಿ, ಆಮೇಲೆ ಖಾಲಿ ಟ್ರಾಲಿಯನ್ನು ತೂಗಿ ಕಳೆಯಿರಿ. ವೇಬ್ರಿಜ್ 5–10 ಕೆ.ಜಿ. ಆಚೀಚೆ ತೋರಿಸಬಹುದು, ಈ ಲೆಕ್ಕಕ್ಕೆ ಅಷ್ಟು ಸಾಕು. ಕೊಂಡಾಗಿನ ತೂಕಕ್ಕಿಂತ 60–70 ಕೆ.ಜಿ. ಹೆಚ್ಚು ಬಂದರೆ ನೀರು ಗೋಡೆಯಲ್ಲಿಲ್ಲ. ಅದು ಸೀಟಿನ ಕೆಳಗಿನ ಫೋಮಿನಲ್ಲೋ, ಎಂಜಿನ್ ಕೂರುವ ಹಿಂದಿನ ಹಲಗೆಯೊಳಗಿನ ಪ್ಲೈವುಡ್‌ನಲ್ಲೋ ಅಡಗಿದೆ. ಅಂಥ ದೋಣಿಯ ಹೊರಮೈ ಕೆರೆದು ಎಷ್ಟು ಒಣಗಿಸಿದರೂ ಪ್ರಯೋಜನವಿಲ್ಲ.

ಫೋಮ್ ನೋಡಲು ಸೀಟಿನ ಪೆಟ್ಟಿಗೆಯ ಅತಿ ತಗ್ಗಿನ ಜಾಗದಲ್ಲಿ ಒಂದು ಕಿಂಡಿ ಕೊರೆದು, 10 ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ತುಂಡು ಕತ್ತರಿಸಿ ಅಡುಗೆಮನೆಯ ತಕ್ಕಡಿಯಲ್ಲಿಡಿ. ಒಣ ಪಿಯು (ಪಾಲಿಯುರೆಥೇನ್) ಫೋಮ್ ಆದರೆ 40 ಗ್ರಾಂ ಆಸುಪಾಸು ತೂಗುತ್ತದೆ. 300 ಗ್ರಾಂ ಬಂತೆಂದರೆ ಕಾಲು ಲೀಟರಿಗಿಂತ ಹೆಚ್ಚು ನೀರು ಆ ಒಂದೇ ತುಂಡಿನಲ್ಲಿದೆ. ನೆನೆದ ಫೋಮ್ ಒಣಗುವುದಿಲ್ಲ, ಕಿತ್ತು ಹೊಸದು ತುಂಬಬೇಕು. ತೇಲಿಸಬೇಕಾದ ಫೋಮೇ ನೀರು ಹೊತ್ತು ಕೂತರೆ ದೋಣಿ ಮಗುಚಿದ ದಿನ ಅದರಿಂದ ಉಪಯೋಗವಿಲ್ಲ. ಪ್ರವಾಹದಲ್ಲಿ ಜನರನ್ನು ಸಾಗಿಸುವ ದೋಣಿಯಾದರೆ ಈ ಪರೀಕ್ಷೆ ಪ್ರತಿ ಬೇಸಿಗೆ ಆಗಲೇಬೇಕು.

ಹಿಂದಿನ ಹಲಗೆಯ ಪರೀಕ್ಷೆ ಇನ್ನೂ ಸುಲಭ. ಎಂಜಿನ್ನಿನ ಬೋಲ್ಟು ಬಿಚ್ಚಿ. ತೂತಿನಿಂದ ಚಹಾದ ಬಣ್ಣದ ನೀರು ಇಳಿದರೆ ಒಳಗಿನ ಪ್ಲೈ ಕೊಳೆಯುತ್ತಿದೆ. ಒಳಬದಿಯಿಂದ ಮಾತ್ರ 6 ಮಿ.ಮೀ. ಬಿಟ್‌ನಲ್ಲಿ ನಾಲ್ಕಾರು ಕಡೆ ಕೊರೆದು ಹೊಟ್ಟು ನೋಡಿ. ತಿಳಿ ಬಣ್ಣದ ಗರಿಗರಿ ಸುರುಳಿ ಬಂದರೆ ಒಳ್ಳೆಯದು, ಕಪ್ಪು ಮೆತ್ತನೆಯ ಹೊಟ್ಟು ಬಂದರೆ ಒಳಗಿನ ಫೈಬರ್ ಪದರ ಕತ್ತರಿಸಿ ಕೊಳೆತದ್ದನ್ನೆಲ್ಲ ತೆಗೆಯಬೇಕು. ಹೊಸದಾಗಿ ಹಾಕುವುದು ಐಎಸ್ 710 ಗುರುತಿನ ಮರೈನ್ ಪ್ಲೈ. ಹಳೆಯ ದಪ್ಪಕ್ಕೆ ಸರಿಹೊಂದುವಂತೆ ಎರಡು ಹಾಳೆಗಳನ್ನು ಎಪಾಕ್ಸಿಯಲ್ಲಿ ಅಂಟಿಸಿ, ಅಂಚುಗಳಿಗೆಲ್ಲ ಎಪಾಕ್ಸಿ ಕುಡಿಸಿ ಕೂರಿಸಿ. ಹಲಗೆ ಕೊಳೆಯುವುದು ಬೋಲ್ಟಿನ ತೂತಿನಿಂದಲೇ. ಹೀಗಾಗಿ 12 ಮಿ.ಮೀ. ಬೋಲ್ಟಿಗೆ ಮೊದಲು 18 ಮಿ.ಮೀ. ತೂತು ಕೊರೆದು, ಅದಕ್ಕೆ ಎಪಾಕ್ಸಿ ಪುಟ್ಟಿ ತುಂಬಿ, ಗಟ್ಟಿಯಾದ ಮೇಲೆ ನಡುವೆ 12ರ ತೂತು ಕೊರೆಯಿರಿ. ಬೋಲ್ಟಿನ ಸುತ್ತ ಮನೆಯ ಸಿಲಿಕಾನ್ ಬೇಡ, ಪಾಲಿಯುರೆಥೇನ್ ಸೀಲಂಟ್ ಹಾಕಿ.

ಗೋಡೆಯೇ ನೆನೆದಿದ್ದರೆ

ತೂಕ ಸರಿಯಿದ್ದು, ಗುಳ್ಳೆಯಿಲ್ಲದೆ, ಸುತ್ತಿಗೆಯ ಸದ್ದೂ ಚೆನ್ನಾಗಿದ್ದು ಮೀಟರ್ ಮಾತ್ರ ಏರಿದ್ದರೆ ಏನೂ ಕೆರೆಯಬೇಡಿ. ಬೇಸಿಗೆಯಿಡೀ ನೆರಳಿನಲ್ಲಿ ಗಾಳಿಗೆ ಇಟ್ಟು ಮುಂದಿನ ವರ್ಷ ಮತ್ತೆ ಅಳೆಯಿರಿ. ಹತ್ತಿಪ್ಪತ್ತು ಗುಳ್ಳೆ ಮಾತ್ರ ಇದ್ದರೆ ಅವುಗಳನ್ನಷ್ಟೇ ಬಗೆದು ತೊಳೆದು ಒಣಗಿಸಿ ಎಪಾಕ್ಸಿ ಪುಟ್ಟಿ ತುಂಬಿ. ತಳವೆಲ್ಲ ದಡಾರ ಎದ್ದಂತೆ ಗುಳ್ಳೆಯಾಗಿದ್ದರೆ ಮಾತ್ರ ಜೆಲ್‌ಕೋಟ್ ಪೂರ್ತಿ ತೆಗೆಯುವ ದೊಡ್ಡ ಕೆಲಸ.

ಅದನ್ನು ಫೆಬ್ರುವರಿ ಕೊನೆಗೆ ಶುರು ಮಾಡಬೇಕು. ಕೆಲಸಕ್ಕೆ ಎರಡು ತಿಂಗಳ ಮೇಲೆ ಬೇಕು, ಮೇ ಮಧ್ಯದ ಕೃತ್ತಿಕಾ ಮಳೆಯ ಗಾಳಿಗುಡುಗು ಬರುವ ಮುಂಚೆ ಕೊನೆಯ ಕೋಟ್ ಗಟ್ಟಿಯಾಗಿರಬೇಕು. ದೋಣಿಯನ್ನು ಬೋರಲು ಹಾಕಿ ನಾಲ್ಕಾರು ಕಡೆ ಹಳೆಯ ಟೈರುಗಳ ಮೇಲೆ ಸಮನಾಗಿ ಕೂರಿಸಿ. ಎರಡೇ ಕಲ್ಲಿನ ಮೇಲೆ ಬಿಟ್ಟರೆ ಬಿಸಿಲಿಗೆ ಮೆತ್ತಗಾದ ಫೈಬರ್ ಜೋಲುತ್ತದೆ. 36 ಅಥವಾ 40 ನಂಬರಿನ ಡಿಸ್ಕ್ ಹಾಕಿದ ಗ್ರೈಂಡರಿನಿಂದ ಜೆಲ್‌ಕೋಟನ್ನಷ್ಟೇ ತೆಗೆಯಿರಿ. ಒಳಗಿನ ಮ್ಯಾಟಿನ ಎಳೆ ಕಂಡ ಕೂಡಲೇ ಕೈ ಎತ್ತಿ. ಗಾಜಿನ ಧೂಳು ಮೈಗೆ ಹತ್ತಿದರೆ ಎರಡು ದಿನ ತುರಿಕೆ ತಪ್ಪುವುದಿಲ್ಲ. ತುಂಬುತೋಳಿನ ಅಂಗಿ, ಕನ್ನಡಕ, ಧೂಳಿನ ಮಾಸ್ಕ್ ಬೇಕು. ರೆಸಿನ್ ಕೆಲಸಕ್ಕೆ ಈ ಮಾಸ್ಕ್ ಸಾಲದು, ಆವಿ ಹೀರುವ ಕಾರ್ಟ್ರಿಜ್ ಮಾಸ್ಕೇ ಬೇಕು.

ಇನ್ನು ಒಣಗಿಸುವುದಲ್ಲ, ತೊಳೆಯುವುದು. ವಿಚಿತ್ರವೆನಿಸಿದರೂ ಕೆಲಸದ ಗುಟ್ಟು ಇದೇ. ನೀರು ಬಿಸಿಲಿಗೆ ಆವಿಯಾಗುತ್ತದೆ, ಗ್ಲೈಕಾಲ್ ಆಗುವುದಿಲ್ಲ. ಪ್ರೊಪಿಲೀನ್ ಗ್ಲೈಕಾಲ್ ಕುದಿಯುವುದು 188 ಡಿಗ್ರಿಯಲ್ಲಿ. ಬರೀ ಒಣಗಿಸಿದರೆ ಅದು ಒಳಗೇ ಕೂತು ಮಳೆಗಾಲದಲ್ಲಿ ಗಾಳಿಯ ತೇವವನ್ನೇ ಮತ್ತೆ ಎಳೆದುಕೊಳ್ಳುತ್ತದೆ. ನೀರಲ್ಲಿ ಕರಗುವ ಈ ರಸವನ್ನು ನೀರಿನಿಂದಲೇ ಹೊರತೆಗೆಯಬೇಕು. ವಾರಕ್ಕೊಮ್ಮೆ ಕೈ ಸುಡುವಷ್ಟು ಬಿಸಿನೀರು ಹೊಯ್ದು ಉಜ್ಜಿ, ಅಥವಾ ಕಾರು ತೊಳೆಯುವ ಪ್ರೆಶರ್ ಪಂಪಿನಿಂದ ಹೊಡೆಯಿರಿ. ಮೂರು ನಾಲ್ಕು ವಾರ ಹೀಗೆ ಮಾಡಿ, ನಡುವೆ ಒಣಗಲು ಬಿಡಿ. ಗುಳ್ಳೆಯಿದ್ದ ಜಾಗ ಒಣಗಿದ ಮೇಲೂ ಜಿಗುಟಾಗಿ ಹೊಳೆಯುತ್ತಿದ್ದರೆ ತೊಳೆದದ್ದು ಸಾಲದು.

ಒಣಗಿಸುವ ಪಾಠವನ್ನು ದ್ರಾಕ್ಷಿ ಶೆಡ್‌ನಿಂದಲೇ ಕಲಿಯಬಹುದು. ದ್ರಾಕ್ಷಿಯ ಸಿಪ್ಪೆಯ ಮೇಣ ಕರಗಲಿ ಎಂದು ಅದನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ದ್ರಾವಣದಲ್ಲಿ ಅದ್ದಿ, ನೆರಳಿನಲ್ಲಿ ಗಾಳಿ ಆಡುವ ಜಾಲರಿಯ ಮೇಲೆ ಹರಡುತ್ತಾರೆ. ಇಲ್ಲೂ ಸಿಪ್ಪೆ ತೆಗೆದಾಗಿದೆ, ಬೇಕಾದದ್ದು ಒಣ ಗಾಳಿ. ಏಪ್ರಿಲ್‌ನ ಮಧ್ಯಾಹ್ನದ ಒಣಹವೆ ಪುಕ್ಕಟೆಯಾಗಿ ಸಿಗುವಾಗ ದೋಣಿಗೆ ತಾಡಪಾಲು ಬಿಗಿದು ಬೆವರುವಂತೆ ಮಾಡಬೇಡಿ. ಮೇಲೆ ಹಸಿರು ನೆರಳುಬಲೆ ಸಾಕು, ಪಕ್ಕಗಳು ತೆರೆದಿರಲಿ.

ವಾರವಾರ ಅದೇ ಚೌಕಗಳನ್ನು ಅಳೆಯಿರಿ. ಅಂಕಿ ಮೇಲಂಚಿನ ಒಣ ಅಂಕಿಯ ಹತ್ತಿರಕ್ಕೆ ಬಂದು ಮೂರು ವಾರ ಅಲ್ಲಾಡದೆ ನಿಂತರೆ ಒಣಗಿದೆ. ಸಂಶಯವಿದ್ದರೆ 45 ಸೆಂಟಿಮೀಟರ್ ಚೌಕದ ತೆಳು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಅಂಟಿಸಿ, ಮರುದಿನ ಬೆಳಿಗ್ಗೆ ನೋಡಿ. ಒಳಗೆ ಹನಿ ಕಂಡರೆ ಇನ್ನೂ ಕಾಯಿರಿ. ಮೋಡ ಕವಿದ ದಿನ ಅಂಕಿ ಮತ್ತೆ ಏರಿದರೆ ಗ್ಲೈಕಾಲ್ ಉಳಿದಿದೆ, ಮತ್ತೊಮ್ಮೆ ಬಿಸಿನೀರು.

ಮುಚ್ಚುವ ಕೆಲಸ

ಜೆಲ್‌ಕೋಟಿನ ಜೊತೆ ಮ್ಯಾಟಿನ ಪದರವೂ ಹೋಗಿದ್ದರೆ ಅಷ್ಟು ದಪ್ಪ ಮತ್ತೆ ಕಟ್ಟಬೇಕು. ಇದಕ್ಕೆ ವಿನೈಲ್ ಎಸ್ಟರ್ ರೆಸಿನ್ ಸಾಕು, 450 ಗ್ರಾಂ ಮ್ಯಾಟಿನ ಒಂದು ಚದರ ಮೀಟರಿಗೆ ಸುಮಾರು ಒಂದು ಕೆ.ಜಿ. ರೆಸಿನ್ ಹಿಡಿಯುತ್ತದೆ. ಎಪಾಕ್ಸಿಯಲ್ಲೇ ಕಟ್ಟುವುದಾದರೆ ಮ್ಯಾಟ್ ಬಿಟ್ಟು ನೇಯ್ದ ಬಟ್ಟೆ ಬಳಸಿ, ಮ್ಯಾಟಿನ ಅಂಟು ಎಪಾಕ್ಸಿಯಲ್ಲಿ ಕರಗುವುದಿಲ್ಲ. ನಮ್ಮ ಸೆಖೆಗೆ ವಿನೈಲ್ ಎಸ್ಟರಿಗೆ ಅದನ್ನು ಗಟ್ಟಿಯಾಗಿಸುವ ಕೆಟಲಿಸ್ಟ್ ಶೇ 1ರ ಹತ್ತಿರ, ಕೆ.ಜಿ.ಗೆ 10 ಗ್ರಾಂ, ಇರಲಿ. ಅದರ ಎರಡರಷ್ಟು ಹಾಕಿದರೆ ಬಕೆಟ್ಟಿನಲ್ಲೇ ಗಟ್ಟಿಯಾಗಿ ಹೊಗೆ ಏಳುತ್ತದೆ. ಕೆಟಲಿಸ್ಟನ್ನೂ, ಗಟ್ಟಿಯಾಗುವುದನ್ನು ಚುರುಕುಗೊಳಿಸುವ ಕೋಬಾಲ್ಟ್ ಆಕ್ಸಿಲರೇಟರನ್ನೂ ಎಂದಿಗೂ ನೇರವಾಗಿ ಬೆರೆಸಬಾರದು, ಸ್ಫೋಟವಾಗುತ್ತದೆ. ಕೋಬಾಲ್ಟ್ ಮೊದಲು ರೆಸಿನ್ನಿನಲ್ಲಿ ಪೂರ್ತಿ ಕಲೆಯಲಿ, ಆಮೇಲೆ ಕೆಟಲಿಸ್ಟ್.

ಅದು ಪೂರ್ತಿ ಗಟ್ಟಿಯಾದ ಮೇಲೆ ಮೈಯನ್ನು ಉಜ್ಜಿ, ಕೊನೆಗೆ ಥಿನ್ನರ್ ಇಲ್ಲದ ಎಪಾಕ್ಸಿಯ ಐದಾರು ಕೋಟ್, ಒಟ್ಟು ಅರ್ಧ ಮಿಲಿಮೀಟರ್. ಲೆಕ್ಕ ಸುಲಭ, ಚದರ ಮೀಟರಿಗೆ ಅರ್ಧ ಲೀಟರ್. 10 ಚದರ ಮೀಟರ್ ತಳಕ್ಕೆ 5 ಲೀಟರ್, ರೋಲರಿಗೂ ತಟ್ಟೆಗೂ ಹೋಗುವುದು ಸೇರಿ ಆರೂವರೆ ಲೀಟರ್ ತನ್ನಿ. ಒಮ್ಮೆಗೆ 300–400 ಗ್ರಾಂ ಮಾತ್ರ ಕಲೆಸಿ ಅಗಲ ತಟ್ಟೆಗೆ ಸುರಿಯಿರಿ. ಮಗ್ಗಿನಲ್ಲಿಟ್ಟರೆ ತಾನೇ ಕಾಯ್ದು ಹಾಳಾಗುತ್ತದೆ.

ಮೊದಲ ಕೋಟ್ ಬೆಳಿಗ್ಗೆ ಬಳಿಯಬಾರದು. ಬಿಸಿಲೇರಿದಂತೆ ಫೈಬರಿನ ರಂಧ್ರಗಳ ಗಾಳಿ ಹಿಗ್ಗಿ ಹಸಿ ಎಪಾಕ್ಸಿಯಲ್ಲಿ ಸೂಜಿಮೊನೆಯ ತೂತು ಮಾಡುತ್ತದೆ. ಸಂಜೆ ಐದರ ಮೇಲೆ ಮೈ ತಣ್ಣಗಾಗುವಾಗ ಬಳಿದರೆ ಅದೇ ರಂಧ್ರಗಳು ಎಪಾಕ್ಸಿಯನ್ನು ಒಳಗೆ ಎಳೆದುಕೊಳ್ಳುತ್ತವೆ. ಕೈಗವಸಿನ ಬೆರಳು ಇಟ್ಟರೆ ಅಂಟಬೇಕು, ಆದರೆ ಎಪಾಕ್ಸಿ ಬೆರಳಿಗೆ ಬರಬಾರದು. ಅದು ಮುಂದಿನ ಕೋಟಿನ ಹೊತ್ತು. ರಾತ್ರಿ ಕಳೆದು ಗಟ್ಟಿಯಾಗಿದ್ದರೆ ಮೇಲೆ ಎದ್ದ ಮೇಣದಂಥ ಪದರವನ್ನು ನೀರು ಮತ್ತು ಹಸಿರು ಸ್ಕ್ರಬ್ಬರಿನಿಂದ ತೊಳೆದು, 80 ನಂಬರಿನ ಪೇಪರಿನಲ್ಲಿ ಉಜ್ಜಿಯೇ ಮುಂದಿನದು. ಇದನ್ನು ಬಿಟ್ಟರೆ ಎರಡು ಕೋಟ್ ಹಾಳೆಯ ಹಾಗೆ ಬೇರಾಗುತ್ತವೆ. ಎಪಾಕ್ಸಿಯ ಮೇಲೆ ಮತ್ತೆ ಸಾಮಾನ್ಯ ಜೆಲ್‌ಕೋಟ್ ಹಚ್ಚಬೇಡಿ, ಸರಿಯಾಗಿ ಹಿಡಿಯದು. ಪಾಲಿಯುರೆಥೇನ್ ಪೇಂಟ್ ಹಚ್ಚಿ, ಬಿಸಿಲಿಗೆ ಎಪಾಕ್ಸಿ ಹಳದಿಯಾಗಿ ಪುಡಿಯಾಗುವುದನ್ನು ಅದೇ ತಡೆಯುತ್ತದೆ.

ಒಂದು ವಾರ ಗಟ್ಟಿಯಾಗಲು ಬಿಟ್ಟು ನೀರಿಗಿಳಿಸಿ. ಚೌಕಗಳ ಅಂಕಿ ಬರೆದ ವಹಿಯನ್ನು ದೋಣಿಯ ಕಾಗದಪತ್ರದ ಜೊತೆಗೇ ಇಡಿ, ಮುಂದಿನ ಶಿವರಾತ್ರಿಗೆ ದೋಣಿ ಮೇಲೆ ಬಂದಾಗ ಹೋಲಿಸಲು ಬೇಕಾಗುತ್ತದೆ.