ಟೊಂಕ ಹಿಡಿದಾಗ: ರೊಟ್ಟಿ ಮಾಡುವವಳ ಅನುಭವ

ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ನಳ ಇರುವುದು ಗುಂಡಿಯೊಳಗೆ. ಮೇಲೆ ಕೂಡಿಸಿದರೆ ನೀರು ಏರುವುದಿಲ್ಲ. ಅದಕ್ಕೇ ನೆಲ ಅಗೆದು, ಸುತ್ತ ಸಿಮೆಂಟು ಬಳಿದು, ಮೊಣಕಾಲುದ್ದ ಕೆಳಗೆ ನಳ ಇಟ್ಟಿರುತ್ತಾರೆ. ದಿನಾ ನೀರು ಬರುವ ಓಣಿಯಲ್ಲ ನಮ್ಮದು. ಬಂದ ದಿನ ಬ್ಯಾರಲ್, ಡಬರಿ, ಕೊಡ ಎಲ್ಲ ತುಂಬಿಸಿಕೊಳ್ಳಬೇಕು. ನಾನು ಖಡಕ್ ರೊಟ್ಟಿ ಮಾಡಿ ಅಂಗಡಿಗಳಿಗೆ, ಖಾನಾವಳಿಗಳಿಗೆ ಕೊಡುವವಳು. ನನಗೆ ಉಳಿದವರಿಗಿಂತ ನೀರು ಜಾಸ್ತಿಯೇ ಬೇಕು.

ಆವತ್ತು ನಸುಕಿನಲ್ಲೇ ನೀರು ಬಿಟ್ಟರು. ಹಾಸಿಗೆಯಿಂದ ಎದ್ದವಳೇ ಹೋಗಿ ಗುಂಡಿಗೆ ಬಗ್ಗಿದೆ. ತುಂಬಿದ ಕೊಡ ಎತ್ತಿ, ನೆಟ್ಟಗಾಗುವ ಮುಂಚೆಯೇ ಎಡಕ್ಕೆ ಹೊರಳಿ ನೆಗೆಣ್ಣಿಯ ಕೈಗೆ ಕೊಡಲು ಹೋದೆ. ಟೊಂಕದಲ್ಲಿ ಚಳಕ್ ಅಂತ ಹಿಡಿಯಿತು. ಕೊಡ ಬಿತ್ತು, ನಾನೂ ಗುಂಡಿಯ ಕಟ್ಟೆ ಹಿಡಿದು ಕುಸಿದೆ. ಉಸಿರು ಎಳೆದುಕೊಂಡರೂ ನೋವು.

ಸುತ್ತ ನೆರೆದ ಹೆಂಗಸರು ಮಾಡಿದ ಮೊದಲ ಕೆಲಸ, ಎರಡೂ ರಟ್ಟೆ ಹಿಡಿದು ನನ್ನನ್ನು ಎಬ್ಬಿಸಲು ನೋಡಿದ್ದು. "ಮುಟ್ಟಬ್ಯಾಡ್ರಿ, ಒಂದೀಟು ತಡೀರಿ" ಅಂತ ಕೂಗಿಕೊಂಡೆ. ಎಳೆಯುವವರಿಗೆ ಯಾವ ಕಡೆ ನೋವಾಗುತ್ತದೆ ಅಂತ ಗೊತ್ತಿರುವುದಿಲ್ಲ, ನಮಗೆ ಗೊತ್ತಿರುತ್ತದೆ. ಸ್ವಲ್ಪ ಹೊತ್ತು ಹಾಗೇ ಇದ್ದು, ಅಂಗೈ ಮೊಣಕಾಲು ಊರಿ, ಕಟ್ಟೆಯ ಮೇಲೆ ಕೈ ಒತ್ತಿ ನಾನೇ ಎದ್ದೆ. ಮನೆ ಮುಟ್ಟಲು ನೆಗೆಣ್ಣಿಯ ಹೆಗಲು ಬೇಕಾಯಿತು.

ಮಗಳು ನರ್ಸಿಂಗ್ ಓದುತ್ತಾಳೆ. ಫೋನಿನಲ್ಲಿ ಅವಳು ನೋವಿನ ಮಾತು ತೆಗೆಯಲೇ ಇಲ್ಲ. "ಯವ್ವಾ, ಒಂದಕ್ಕ ಹೋಗಿದ್ದಿ? ಹೋಗೂದು ಗೊತ್ತಾತು? ಕುಂತಾಗ ನೆಲಕ್ಕ ಹತ್ತೂ ಜಾಗ ಜೋಮು ಹಿಡದೈತೇನು? ಪಾದ ಮ್ಯಾಲೆ ಎತ್ತಾಕ ಬರತೈತಿ?" ನನಗೆ ಸಿಟ್ಟು ಬಂತು. ಇಲ್ಲಿ ಟೊಂಕ ಹೋಗಿದೆ, ಇವಳು ಉಚ್ಚೆಯ ಮಾತು ಕೇಳುತ್ತಾಳೆ ಅಂತ. ಆದರೆ ಟೊಂಕ ಹಿಡಿದವರು ಮೊದಲು ನೋಡಬೇಕಾದ್ದು ಇದನ್ನೇ. ಬೆನ್ನುಹುರಿಯ ತುದಿಯಿಂದ ನರಗಳ ಒಂದು ಗೊಂಚಲು ಕೆಳಗೆ ಇಳಿಯುತ್ತದೆ. ಉಚ್ಚೆ, ಸಂಡಾಸದ ಹಿಡಿತ ಆ ನರಗಳದ್ದು. ಅವು ಒತ್ತಿಕೊಂಡರೆ ಉಚ್ಚೆ ಕಟ್ಟುತ್ತದೆ, ಇಲ್ಲವೇ ತಿಳಿಯದೇ ಹೋಗುತ್ತದೆ, ತೊಡೆಸಂದಿ ಜೋಮು ಹಿಡಿಯುತ್ತದೆ. ಆಗ ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ, ರಾತ್ರಿಯಾದರೂ ದೊಡ್ಡ ಆಸ್ಪತ್ರೆಗೆ ಹೋಗಬೇಕು. ತಡವಾದರೆ ಆ ಹಿಡಿತ ತಿರುಗಿ ಬರದೇ ಹೋಗಬಹುದು. ಪಾದ ಜೋತು ಬೀಳುವುದು, ಕಾಲಿನ ಶಕ್ತಿ ಇಳಿಯುತ್ತಾ ಹೋಗುವುದು, ಟೊಂಕ ನೋವಿನ ಜೊತೆ ಜ್ವರ, ಎತ್ತರದಿಂದ ಬಿದ್ದ ಪೆಟ್ಟು, ಹಿಂದೆ ಕ್ಯಾನ್ಸರ್ ಆದವರಿಗೆ ಹೊಸದಾಗಿ ಬಂದ ಬೆನ್ನುನೋವು, ಇವೂ ಕಾಯುವಂಥವಲ್ಲ. ನನಗೆ ಇವು ಯಾವೂ ಇರಲಿಲ್ಲ. "ಹಂಗಾರ ಗಾಬರಿ ಆಗಬ್ಯಾಡ" ಅಂದಳು.

ಗಾಬರಿ ನನಗಲ್ಲ, ಓಣಿಯವರಿಗೆ. ನಮ್ಮ ಕಡೆ ಒಂದು ನಂಬಿಕೆ ಇದೆ. ಹುಟ್ಟುವಾಗ ಕಾಲು ಮುಂದಾಗಿ ಬಂದವರು ಟೊಂಕಕ್ಕೆ ಒದ್ದರೆ ಚಳಕು ಬಿಡುತ್ತದೆ ಅಂತ. ಹಾಗೆ ಹುಟ್ಟಿದ ಹುಡುಗನೊಬ್ಬ ಹಿಂದಿನ ಓಣಿಯಲ್ಲಿದ್ದಾನೆ. ಪಾಪ, ಅವನ ಕಾಲಿಗೆ ಭಾಳ ಬೇಡಿಕೆ. ಅತ್ತೆಯವರು ಅವನನ್ನು ಕರೆಸಿಯೇಬಿಟ್ಟರು. ಅವರ ಮನಸ್ಸು ಮುರಿಯಬಾರದು ಅಂತ, "ಪಾದ ಸುಮ್ನೆ ಮುಟ್ಟಿಸು ಸಾಕಪ್ಪಾ" ಅಂದೆ. ಮುಟ್ಟಿಸಿ, ಚಹಾ ಕುಡಿದು ಹೋದ. ಇದು ನಿರಪಾಯ. ನರ ಎಳೆಯುತ್ತೇನೆ, ಮಣಿ ಕೂಡಿಸುತ್ತೇನೆ ಅಂತ ಬೆನ್ನಿನ ಮೇಲೆ ಮೊಣಕಾಲಿಟ್ಟು ತಿರುವುವವರನ್ನು ಮಾತ್ರ ಹತ್ತಿರ ಬಿಡಲಿಲ್ಲ. ಬೆನ್ನಿನ ಮಣಿಗಳ ನಡುವೆ ಮೆತ್ತೆಯಂಥ ಡಿಸ್ಕ್ ಇರುತ್ತದೆ, ಅದು ಸರಿದು ನರಕ್ಕೆ ತಾಗಿರುವಾಗ ಹಾಗೆ ತಿರುವಿದರೆ ಇದ್ದ ಶಕ್ತಿಯೂ ಹೋಗಬಹುದು. ಬಿಸಿನೀರಿನ ಚೀಲದ ಕಾವು, ಒತ್ತದೇ ಹಗುರಾಗಿ ಎಣ್ಣೆ ಸವರುವುದು, ಇಷ್ಟಕ್ಕೆ ಅಡ್ಡಿಯಿಲ್ಲ.

ಮರುದಿನ ನೋವು ಕಾಲಿಗೆ ಇಳಿಯಿತು. ಕುಂಡಿಯಿಂದ ತೊಡೆಯ ಹಿಂಭಾಗ, ಮೀನಖಂಡ ದಾಟಿ ಕಿರುಬೆರಳಿನವರೆಗೆ ಒಂದೇ ಎಳೆತ. ಕೆಮ್ಮಿದರೆ, ಸೀನಿದರೆ ಕರೆಂಟು ಹೊಡೆದ ಹಾಗೆ. ಸೀನು ಬಂತೆಂದರೆ ಎದ್ದು ನಿಂತು ಗೋಡೆಗೆ ಅಂಗೈ ಒತ್ತಿ ಸೀನುವುದನ್ನು ಕಲಿತೆ. ಬಗ್ಗಿ ಸೀನುವುದಕ್ಕಿಂತ ಇದು ಎಷ್ಟೋ ವಾಸಿ. ಮಲಗಿದಲ್ಲಿಂದ ಏಳುವುದಕ್ಕೂ ಒಂದು ರೀತಿ ಇದೆ. ಮೊಣಕಾಲು ಮಡಚಬೇಕು, ಇಡೀ ಮೈ ಒಟ್ಟಿಗೆ ಮಗ್ಗುಲಿಗೆ ಹೊರಳಿಸಬೇಕು, ಕಾಲು ಮಂಚದ ಕೆಳಗೆ ಬಿಡುತ್ತಾ ಕೈಯಿಂದ ಹಾಸಿಗೆ ಒತ್ತಿ ಏಳಬೇಕು. ಅಂಗಾತ ಮಲಗಿದ್ದವರು ನೆಟ್ಟಗೆ ಎದ್ದು ಕೂತರೆ ಮುಗಿಯಿತು. ಅಂಗಾತ ಮಲಗಿದಾಗ ಮೊಣಕಾಲ ಕೆಳಗೆ ದಿಂಬು, ಮಗ್ಗುಲಾದಾಗ ಎರಡು ಮೊಣಕಾಲ ನಡುವೆ ದಿಂಬು.

ಸಂಡಾಸದ ಮಾತು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಎಲ್ಲಕ್ಕಿಂತ ದೊಡ್ಡ ಕಷ್ಟ ಅದೇ. ನಮ್ಮದು ಕುಕ್ಕರಗಾಲಿನಲ್ಲಿ ಕೂರುವ ಸಂಡಾಸ. ಕೂರಲು ಆಗುವುದಿಲ್ಲ, ಕೂತರೆ ಏಳಲು ಆಗುವುದಿಲ್ಲ. ಮನೆಯವರು ಹಳೆಯ ಪ್ಲಾಸ್ಟಿಕ್ ಕುರ್ಚಿಯ ನಡುವೆ ತೂತು ಕೊರೆದು, ಅಂಚನ್ನು ಬಟ್ಟೆಯಿಂದ ಸುತ್ತಿ ಕೊಟ್ಟರು. ಮೆಡಿಕಲ್ ಅಂಗಡಿಗಳಲ್ಲಿ ಇದಕ್ಕೆಂದೇ ಮಾಡಿದ ಕುರ್ಚಿ ಸಿಗುತ್ತದೆ. ಮಲಬದ್ಧತೆ ಆಗಲೇಬಾರದು, ತಿಣುಕಿದರೆ ಡಿಸ್ಕಿನ ಮೇಲೆ ಒತ್ತಡ ಬೀಳುತ್ತದೆ. ಪಪ್ಪಾಯಿ, ಸೊಪ್ಪಿನ ಪಲ್ಯ, ನೀರು. ಸಂಡಾಸಕ್ಕೆ ಹೋಗುವ ಹೆದರಿಕೆಗೆ ಊಟ ಬಿಡುವವರನ್ನು ನೋಡಿದ್ದೇನೆ, ಅದು ಇನ್ನೂ ಕೆಟ್ಟದ್ದು.

ಆಸ್ಪತ್ರೆಗೆ ಹೋಗುವುದೂ ಒಂದು ಕೆಲಸವೇ. ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ನನ್ನ ಕಾಲನ್ನು ಮುಟ್ಟಿಯೂ ನೋಡದೇ ಎಂಆರ್‌ಐ ಬರೆದುಕೊಟ್ಟರು, ಅದೂ ಇಂಥ ಕಡೆಯೇ ಮಾಡಿಸಿ ಅಂತ. ಚೀಟಿ ಮಡಚಿ ಪರ್ಸಿನಲ್ಲಿಟ್ಟುಕೊಂಡು ದೊಡ್ಡ ಸರ್ಕಾರಿ ಆಸ್ಪತ್ರೆ ಕಿಮ್ಸ್‌ಗೆ ಹೋದೆ. ರೈಲ್ವೆ ಸ್ಟೇಷನ್ನಿನವರೆಗೆ ಆಟೋ, ಟೊಂಕದ ಹಿಂದೆ ಸುತ್ತಿದ ಟವೆಲ್. "ಸಾವಕಾಶ ಹೊಡಿಯಪ್ಪಾ" ಅಂತ ದಾರಿಯುದ್ದಕ್ಕೂ ಹೇಳಿದ್ದೇ ಹೇಳಿದ್ದು. ಅಲ್ಲಿಂದ ಹುಬ್ಬಳ್ಳಿ–ಧಾರವಾಡದ ನಡುವೆ ಓಡುವ ಚಿಗರಿ ಬಸ್ಸು. ಟೊಂಕ ಹಿಡಿದವರಿಗೆ ಚಿಗರಿಯಷ್ಟು ಅನುಕೂಲದ್ದು ಬೇರೆ ಇಲ್ಲ. ನಿಲ್ದಾಣದ ನೆಲ, ಬಸ್ಸಿನ ನೆಲ ಒಂದೇ ಮಟ್ಟ, ಮೆಟ್ಟಿಲು ಹತ್ತುವುದಿಲ್ಲ. ಕೂರುವುದಕ್ಕಿಂತ ಕಂಬ ಹಿಡಿದು ನಿಂತರೆ ಆರಾಮ ಅನಿಸಿತು, ನಿಂತೇ ಹೋದೆ.

ಸಾಲು ಉದ್ದ ಇತ್ತು. ಬೆಂಚಿನ ಮೇಲೆ ಕೂತು ನೋವು ಏರಿಸಿಕೊಳ್ಳುವ ಬದಲು ಗೋಡೆ ಪಕ್ಕ ಅಡ್ಡಾಡಿದೆ. ಒಳಗೆ ಡಾಕ್ಟರು ಹುಡುಗ ವಯಸ್ಸಿನವರು, ಆದರೆ ಪೂರ್ತಿ ನೋಡಿದರು. ಅಂಗಾತ ಮಲಗಿಸಿ ಮೊಣಕಾಲು ಮಡಚದೇ ಕಾಲು ಮೇಲೆತ್ತಿದರು. ಬಲಗಾಲು ಪೂರ್ತಿ ಏರಿತು. ಎಡಗಾಲು ಅರ್ಧಕ್ಕೆ ಬರುವುದರೊಳಗೆ ನಾನು ಮಂಚದ ಅಂಚು ಹಿಡಿದೆ. ಆಮೇಲೆ ತುದಿಗಾಲಲ್ಲಿ ನಡೆಸಿದರು, ಹಿಮ್ಮಡಿಯಲ್ಲಿ ನಡೆಸಿದರು. ಕಾಲಿನ ಹೆಬ್ಬೆರಳನ್ನು ತಮ್ಮ ಬೆರಳಿಗೆ ಎದುರಾಗಿ ಒತ್ತಲು ಹೇಳಿದರು. ಹಿಮ್ಮಡಿಯ ಹಿಂದೆ ರಬ್ಬರಿನ ಸುತ್ತಿಗೆಯಿಂದ ಬಡಿದರು. ಪಿನ್ನಿನಿಂದ ಅಲ್ಲಲ್ಲಿ ಮುಟ್ಟಿ "ಎರಡೂ ಕಡೆ ಒಂದ ನಮೂನಿ ಅನಸತೈತೇನ್ರಿ ಅಕ್ಕಾರ?" ಅಂತ ಕೇಳಿದರು. ಕಿರುಬೆರಳ ಕಡೆ ಸ್ವಲ್ಪ ಮಂದ ಇತ್ತು, ಶಕ್ತಿ ಬರೋಬ್ಬರಿ ಇತ್ತು. ಕೊನೆಗೆ ಅವರೂ ಉಚ್ಚೆಯ ಮಾತನ್ನೇ ಕೇಳಿದರು. ಮಗಳ ಮೇಲಿನ ಸಿಟ್ಟು ಅಲ್ಲಿಗೆ ಇಳಿಯಿತು.

ಟೊಂಕದ ಐದನೇ ಮಣಿ ಮತ್ತು ಅದರ ಕೆಳಗಿನ ತ್ರಿಕಾಸ್ಥಿ ಅನ್ನುವ ಮೂಳೆಯ ನಡುವಿನ ಡಿಸ್ಕ್ ಅಂದರು, ಚೀಟಿಯಲ್ಲಿ ಎಲ್5-ಎಸ್1 ಅಂತ ಬರೆದರು. ನಾನು ರೊಟ್ಟಿ ಮಾಡುವವಳು ಅಂತ ಗೊತ್ತಾಗಿ ಹೀಗೆ ಹೇಳಿದರು: "ಹೋಳಿಗಿ ಒಂದ ಕಡೆ ಜಾಸ್ತಿ ಒತ್ತಿದ್ರ ಹೂರಣ ಇನ್ನೊಂದ ಕಡೆ ಹರಕೊಂಡು ಬರತೈತಿಲ್ರಿ? ನೀವು ಮುಂದ ಬಗ್ಗಿ ಒತ್ತೀರಿ, ಅದು ಹಿಂದ ಹೊರಗ ಬಂದೈತಿ. ಅಲ್ಲೆ ನರ ಐತಿ." ಹೊರಗೆ ಬಂದ ಆ ತುಣುಕನ್ನು ದೇಹವೇ ಮೆಲ್ಲಗೆ ಹೀರಿಕೊಳ್ಳುವುದುಂಟಂತೆ. ಹೆಚ್ಚಿನವರಿಗೆ ಆರರಿಂದ ಹನ್ನೆರಡು ವಾರದಲ್ಲಿ ಆಪರೇಷನ್ ಇಲ್ಲದೇ ನೋವು ಇಳಿಯುತ್ತದೆ ಅಂದರು. ನಸುಕಿನಲ್ಲಿ ಬಗ್ಗಿದ್ದರ ಬಗ್ಗೆಯೂ ಹೇಳಿದರು. ರಾತ್ರಿ ಮಲಗಿದಾಗ ಡಿಸ್ಕ್ ನೀರು ಹೀರಿ ಉಬ್ಬಿರುತ್ತದೆ, ಬೆಳಿಗ್ಗೆ ನಾವು ಸಂಜೆಗಿಂತ ಒಂದು ಸೆಂಟಿಮೀಟರಿನಷ್ಟು ಎತ್ತರವೇ ಇರುತ್ತೇವೆ. ಆಗ ಬಗ್ಗಿದರೆ ಅದರ ಮೇಲೆ ಒತ್ತಡ ಹೆಚ್ಚು. ಎದ್ದ ಮೊದಲ ಒಂದು ತಾಸು ಬಗ್ಗುವ ಕೆಲಸ ಬೇಡ.

ಪರ್ಸಿನಿಂದ ಎಂಆರ್‌ಐ ಚೀಟಿ ತೆಗೆದು ತೋರಿಸಿದೆ. ಈಗ ಬೇಡ ಅಂದರು. ಕಾಲಿನ ಶಕ್ತಿ ಇಳಿದರೆ ಕೂಡಲೇ, ಇಲ್ಲದಿದ್ದರೆ ಆರು ವಾರಕ್ಕೂ ನೋವು ಇಳಿಯದಿದ್ದರೆ ನೋಡೋಣ ಅಂತ. ಎಕ್ಸ್‌ರೇಯಲ್ಲಿ ಡಿಸ್ಕ್ ಕಾಣುವುದೇ ಇಲ್ಲ. ಮಗಳು ಆಮೇಲೆ 2015ರ ಒಂದು ಅಧ್ಯಯನ ಓದಿ ಹೇಳಿದಳು. ಬೆನ್ನುನೋವೇ ಇಲ್ಲದ ಮೂರು ಸಾವಿರಕ್ಕೂ ಜಾಸ್ತಿ ಜನರ ಸ್ಕ್ಯಾನ್ ನೋಡಿದ್ದಾರೆ. ನಲವತ್ತು ವಯಸ್ಸಿನವರಲ್ಲಿ ಅರ್ಧದಷ್ಟು ಮಂದಿಗೆ ಡಿಸ್ಕ್ ಉಬ್ಬಿತ್ತಂತೆ. ಅವರಿಗೆ ಗೊತ್ತೇ ಇಲ್ಲ, ಓಡಾಡಿಕೊಂಡಿದ್ದಾರೆ. ಹಾಗಿರುವಾಗ ಬರೀ ರಿಪೋರ್ಟ್ ಓದಿ ಹಾಸಿಗೆ ಹಿಡಿಯುವುದರಲ್ಲಿ ಅರ್ಥ ಇಲ್ಲ ಅಲ್ವಾ?

ಕೆಲವು ದಿನಕ್ಕೆ ನೋವಿನ ಗುಳಿಗೆ, ಅದರ ಜೊತೆ ಹೊಟ್ಟೆಗೆ ಒಂದು, ರಾತ್ರಿ ನರದ ನೋವಿಗೆ ಒಂದು. ರಾತ್ರಿಯ ಈ ಗುಳಿಗೆ ತಗೊಂಡರೆ ಮಂಪರು ಬರುತ್ತದೆ, ಒಲೆಯ ಮುಂದೆ ಕೂರುವವರು ಹುಷಾರು. ಹೊಟ್ಟೆಹುಣ್ಣು, ಕಿಡ್ನಿ, ಬಿಪಿ ಇದ್ದವರು ಮೊದಲೇ ಹೇಳಿಬಿಡಬೇಕು. ನೋವಿನ ಗುಳಿಗೆಯನ್ನು ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಿಂಗಳುಗಟ್ಟಲೆ ನುಂಗುವವರು ನಮ್ಮ ಓಣಿಯಲ್ಲೇ ಇದ್ದಾರೆ. ಟೊಂಕದ ಬೆಲ್ಟನ್ನು ನಾನು ಹೊರಗೆ ಹೋಗುವಾಗ ಮಾತ್ರ ಕಟ್ಟಿದೆ. ಇಡೀ ದಿನ ಕಟ್ಟಿದರೆ ಸ್ನಾಯು ಸೋಮಾರಿಯಾಗುತ್ತದೆ. ಮಲಗುವುದು ಒಂದೆರಡು ದಿನಕ್ಕಿಂತ ಹೆಚ್ಚು ಬೇಡ ಅಂದರು. ಇದನ್ನು ಮನೆಯಲ್ಲಿ ಒಪ್ಪಿಸುವುದು ನೋವಿಗಿಂತ ಕಷ್ಟವಾಯಿತು. ಪಡಸಾಲೆಯಲ್ಲಿ ಅಡ್ಡಾಡಲು ಶುರು ಮಾಡಿದರೆ ಅತ್ತೆಯವರು "ಯವ್ವಾ, ಬಿದ್ಕೊ ಸುಮ್ನ" ಅಂತ ಗದರುತ್ತಿದ್ದರು.

ಫಿಸಿಯೋಥೆರಪಿಯಲ್ಲಿ ಕಲಿತ ಒಂದು ಸಂಗತಿ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂತು. ಬೋರಲು ಮಲಗುವುದು, ಮೊಣಕೈ ಊರಿ ಎದೆ ಎತ್ತುವುದು, ಒಗ್ಗಿದ ಮೇಲೆ ಅಂಗೈ ಊರಿ ಇನ್ನಷ್ಟು ಎತ್ತುವುದು. ನ್ಯೂಜಿಲೆಂಡಿನ ರಾಬಿನ್ ಮೆಕೆಂಜಿ ಅನ್ನುವ ಫಿಸಿಯೋ ಇದನ್ನು ಬಳಕೆಗೆ ತಂದವರು. ಮಾಡುವಾಗ ನೋವು ಪಾದ ಬಿಟ್ಟು ಮೀನಖಂಡಕ್ಕೆ, ಅಲ್ಲಿಂದ ತೊಡೆಗೆ, ತೊಡೆ ಬಿಟ್ಟು ಟೊಂಕಕ್ಕೆ ಏರಬೇಕು. ಟೊಂಕ ಆಗ ಸ್ವಲ್ಪ ಜಾಸ್ತಿ ನೋಯಬಹುದು, ಆದರೂ ಅದು ಒಳ್ಳೆಯ ಲಕ್ಷಣ. ನೋವು ಕಾಲಿನಲ್ಲಿ ಇನ್ನೂ ಕೆಳಗೆ ಇಳಿದರೆ ಅಲ್ಲೇ ನಿಲ್ಲಿಸಬೇಕು. ಇದು ಎಲ್ಲರಿಗೂ ಹೊಂದುವುದಿಲ್ಲ. ವಯಸ್ಸಾದವರ ಬೆನ್ನಿನಲ್ಲಿ ನರದ ದಾರಿ ಕಿರಿದಾಗಿದ್ದರೆ ಹಿಂದಕ್ಕೆ ಬಾಗುವುದೇ ನೋವು. ಫೋನಿನಲ್ಲಿ ವಿಡಿಯೋ ನೋಡಿ ಮಾಡುವ ಬದಲು ಒಮ್ಮೆ ತೋರಿಸಿಕೊಂಡು ಮಾಡುವುದು ವಾಸಿ.

ಪಕ್ಕದ ಮನೆಯ ಅಣ್ಣನಿಗೆ ಇದೇ ತೊಂದರೆ ಆಪರೇಷನ್‌ವರೆಗೆ ಹೋಯಿತು, ಪಾದ ಎತ್ತಲು ಬರುತ್ತಿರಲಿಲ್ಲ. ಅಂಥವರು ರೇಷನ್ ಕಾರ್ಡು, ಆಧಾರ್ ಕೈಯಲ್ಲಿಟ್ಟುಕೊಂಡೇ ಹೋಗಬೇಕು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಅನ್ನುವ ಸರ್ಕಾರಿ ಯೋಜನೆಯಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಅನುಕೂಲ ಇದೆ.

ಇನ್ನು ರೊಟ್ಟಿ. ನೋವು ಇಳಿದರೂ ಮತ್ತೆ ಅದೇ ರೀತಿ ಕೂತರೆ ಮತ್ತೆ ಅದೇ ಕಥೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಎಸರು ಹೊಯ್ದ ಬಿಸಿ ಹಿಟ್ಟನ್ನು ಮುಂದೆ ಬಗ್ಗಿ ಇಡೀ ಮೈಭಾರ ಹಾಕಿ ನಾದುವುದು, ಅದೇ ಭಂಗಿಯಲ್ಲಿ ತಾಸುಗಟ್ಟಲೆ ಬಡಿಯುವುದು, ಹಂಚಿನ ಕಡೆ ಹೊರಳುವುದು. ಗುಂಡಿಯಲ್ಲಿ ಮಾಡಿದ್ದನ್ನೇ ನಾನು ದಿನಾ ಸ್ವಲ್ಪ ಸ್ವಲ್ಪ ಮಾಡುತ್ತಿದ್ದೆ. ಬಡಗಿಯನ್ನು ಕರೆಸಿ ಗಟ್ಟಿ ಮೇಜು ಮಾಡಿಸಿದೆ. ಎತ್ತರ ನನ್ನ ಅಳತೆಗೆ, ನಿಂತು ತೋಳು ಮಡಚಿದರೆ ಮೊಣಕೈಗಿಂತ ಸುಮಾರು ಅರ್ಧ ಗೇಣು ಕೆಳಗೆ. ನಾದುವ ಕೆಲಸಕ್ಕೆ ಇನ್ನೂ ಸ್ವಲ್ಪ ತಗ್ಗು ಬೇಕು, ಅದಕ್ಕೆ ನಾನೇ ಒಂದು ಹಲಗೆಯ ಮೇಲೆ ಹತ್ತಿ ನಿಲ್ಲುತ್ತೇನೆ. ಒಲೆಯನ್ನು ಪಕ್ಕಕ್ಕೆ ಇಟ್ಟಿಲ್ಲ, ಮೇಜಿನ ಅದೇ ಅಂಚಿನಲ್ಲಿ ಇಟ್ಟಿದ್ದೇನೆ. ಹಂಚಿಗೆ ರೊಟ್ಟಿ ಹಾಕುವಾಗ ಟೊಂಕ ತಿರುವುವುದಿಲ್ಲ, ಪಾದ ಎತ್ತಿಟ್ಟು ಇಡೀ ಮೈ ತಿರುಗಿಸುತ್ತೇನೆ. ಒಂದು ಕಾಲು ಮಣೆಯ ಮೇಲೆ, ಸ್ವಲ್ಪ ಹೊತ್ತಿಗೆ ಇನ್ನೊಂದು.

ಹಿಟ್ಟಿನ ದೊಡ್ಡ ಚೀಲ ತರುವುದು ಬಿಟ್ಟೆ, ಗಿರಣಿಯವರು 10 ಕೆಜಿಯ ಚೀಲ ಕಟ್ಟಿಕೊಡುತ್ತಾರೆ. ನೀರಿನ ದಿನ ಕೊಡದ ಬದಲು ಗುಂಡಿಗೆ ಪೈಪು ಇಳಿಬಿಡುತ್ತೇವೆ. ಒತ್ತಡ ಇರುವಷ್ಟು ಹೊತ್ತು ನೀರು ನೇರ ತಗ್ಗಿನ ಬ್ಯಾರಲ್ಲಿಗೆ ಬರುತ್ತದೆ, ಉಳಿದದ್ದನ್ನು ಮನೆಯವರು ಅರ್ಧ ಅರ್ಧ ಕೊಡ ತರುತ್ತಾರೆ.

ನಿಂತು ಬಡಿದ ರೊಟ್ಟಿ ಶುರುವಿನಲ್ಲಿ ದುಂಡಗೆ ಬರಲಿಲ್ಲ, ಒಂದು ಅಂಚು ದಪ್ಪ. ಅಂಗಡಿಯವರು ವಾಪಸ್ ಕೊಡಲಿಲ್ಲ, ಪುಣ್ಯ. ಈಗ ಕೈ ಕೂತಿದೆ. ಆದರೆ ಮೊದಲಿನಷ್ಟು ರೊಟ್ಟಿ ಒಂದೇ ದಿನಕ್ಕೆ ಆಗುವುದಿಲ್ಲ. ಸಂಕ್ರಾಂತಿಗೆ, ಎಳ್ಳಮವಾಸ್ಯೆಗೆ ಸಜ್ಜೆ ರೊಟ್ಟಿ ಬೇಕು ಅನ್ನುವವರಿಗೆ ವಾರ ಮುಂಚೆ ಹೇಳಿ ಅಂತ ಹೇಳಿಟ್ಟಿದ್ದೇನೆ. ಖಾನಾವಳಿಯವರೊಬ್ಬರು ಮುಖ ಸಿಂಡರಿಸಿದರು. ಉಳಿದವರು ಒಪ್ಪಿದ್ದಾರೆ.