ಆನ್‌ಲೈನ್ ಇಂಗ್ಲಿಷ್ ತರಗತಿಯಲ್ಲಿ ಮಾತು ಹೊರಡಿಸಿದ ಬಗೆ

2020ರಲ್ಲಿ ಕೋವಿಡ್‌ನಿಂದಾಗಿ ಪಾಠವೆಲ್ಲ ಪರದೆಗೆ ಬಂದಾಗ ಇಂಗ್ಲಿಷ್ ಮೇಷ್ಟ್ರುಗಳ ದೂರು ಒಂದೇ: ‘ಮಕ್ಕಳಿಗೆ ಆಸಕ್ತಿಯೇ ಇಲ್ಲ, ಕ್ಯಾಮೆರಾ ಆಫ್ ಮಾಡಿ ಕೂತಿರ್ತಾರೆ.’ ಮಕ್ಕಳನ್ನು ಕೇಳಿದರೆ, ‘ಸರ್ ಒಬ್ಬರೇ ಮಾತಾಡ್ತಾರೆ.’ ಎರಡೂ ಸುಳ್ಳಲ್ಲ.

‘ಆನ್‌ಲೈನ್ ಇಷ್ಟವೇ?’ ಎಂದು ಕೇಳುವುದನ್ನು ಬಿಟ್ಟು, ಓದು, ಬರಹ, ಆಲಿಸುವಿಕೆ, ಮಾತು ಇವುಗಳ ಬಗ್ಗೆ ಬೇರೆಬೇರೆಯಾಗಿ ಕೇಳಿದೆ. ಬರಹಕ್ಕೆ ಆನ್‌ಲೈನೇ ವಾಸಿ ಎಂದವರು ಬಹಳ. ಗೂಗಲ್ ಡಾಕ್ಸ್‌ನಲ್ಲಿ ಅವರವರ ತಪ್ಪು ಅವರವರಿಗಷ್ಟೇ ಕಾಣುತ್ತಿತ್ತಲ್ಲ! ಮಾತಿನ ವಿಷಯ ಬಂದರೆ ಎಲ್ಲರೂ ಹಿಂದೇಟು. ಸಹಪಾಠಿಗಳು ನಗುತ್ತಾರೆಂಬ ಭಯ ಹಳೆಯದು. ಪಕ್ಕದ ಕೋಣೆಯಲ್ಲಿ ಮನೆಯವರು ಕೇಳಿಸಿಕೊಳ್ಳುತ್ತಾರೆಂಬ ಸಂಕೋಚ ಹೊಸದು.

ಆಗ ಪ್ರಶ್ನೆ ಕೇಳುವ ರೀತಿ ಬದಲಿಸಿದೆ. ಉತ್ತರಕ್ಕೆ ಶಿಕ್ಷಕರು ಸಾಮಾನ್ಯವಾಗಿ ಕಾಯುವುದು ಸುಮಾರು ಒಂದೇ ಸೆಕೆಂಡು ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಆನ್‌ಲೈನ್‌ನಲ್ಲಿ ಮ್ಯೂಟ್ ತೆಗೆಯುವುದಕ್ಕೇ ಅಷ್ಟು ಹೊತ್ತು ಹಿಡಿಯುತ್ತದೆ! ಹಾಗಾಗಿ, ‘ಉತ್ತರವನ್ನು ಚಾಟ್‌ನಲ್ಲಿ ಟೈಪ್ ಮಾಡಿ, ನಾನು ಹೇಳುವ ತನಕ ಎಂಟರ್ ಒತ್ತಬೇಡಿ’ ಎಂದೆ. ಎಲ್ಲರ ಉತ್ತರವೂ ಒಟ್ಟಿಗೇ ಬೀಳುವುದರಿಂದ ನಕಲಿಗೆ ಎಡೆಯಿಲ್ಲ, ಮೊದಲಿಗನಾಗುವ ಅಳುಕೂ ಇಲ್ಲ. ಆಮೇಲೆ ಒಬ್ಬರಿಗೆ ‘ನೀನು ಬರೆದದ್ದನ್ನು ಓದಿ, ಅದಕ್ಕೊಂದು ಕಾರಣ ಸೇರಿಸು’ ಎನ್ನುತ್ತಿದ್ದೆ. ಓದಲು ಬಾಯಿ ತೆರೆದವರು ಕಾರಣ ಹೇಳುವಷ್ಟರಲ್ಲಿ ಮಾತಿಗಿಳಿದಿರುತ್ತಿದ್ದರು.

ಆನ್‌ಲೈನ್ ತರಗತಿಯನ್ನು ಚಿಕ್ಕ ಗುಂಪುಗಳಾಗಿ ಒಡೆಯುವ ‘ಬ್ರೇಕ್‌ಔಟ್ ರೂಮಿಗೆ’ ಇಬ್ಬಿಬ್ಬರನ್ನೇ ಕಳಿಸಿದೆ. ನಾಲ್ವರಿದ್ದರೆ ಒಬ್ಬ ಮಾತಾಡುತ್ತಾನೆ, ಮೂವರು ಮೊಬೈಲ್ ನೋಡುತ್ತಾರೆ. ಒಬ್ಬರ ಕೈಯಲ್ಲಿ ರೈಲಿನ ವೇಳಾಪಟ್ಟಿ, ಇನ್ನೊಬ್ಬರ ಕೈಯಲ್ಲಿ ಪ್ರಯಾಣಿಕನ ಅಗತ್ಯಗಳು. ಪರಸ್ಪರ ಕೇಳದೆ ಕೆಲಸ ಮುಗಿಯುವಂತಿಲ್ಲ.

ಉಚ್ಚಾರಣೆ ಪಾಠಕ್ಕೆ ಮಾತ್ರ ಕ್ಯಾಮೆರಾ ಬೇಕೆಂದೆ. ‘ವೆಸ್ಟ್’ (west) ಮತ್ತು ‘ವೆಟ್’ (vet) ಪದಗಳ ಮೊದಲ ಧ್ವನಿಗಳ ವ್ಯತ್ಯಾಸ ತುಟಿ ನೋಡದೆ ಹಿಡಿಯುವುದು ಕಷ್ಟ. ಕಾರಣ ಗೊತ್ತಾದ ಮೇಲೆ ಕ್ಯಾಮೆರಾ ಆನ್ ಮಾಡಲು ಹೆಚ್ಚಿನವರು ತಕರಾರು ಮಾಡಲಿಲ್ಲ.

ಮನೆಗೆಲಸ ಒಂದು ನಿಮಿಷದ ವಾಯ್ಸ್ ಮೆಸೇಜ್. ಚೆನ್ನಾಗಿ ಬರುವ ತನಕ ಅಳಿಸಿ ಮತ್ತೆ ರೆಕಾರ್ಡ್ ಮಾಡುತ್ತಿದ್ದರು. ನನ್ನ ಮಟ್ಟಿಗೆ ಅಸಲಿ ಅಭ್ಯಾಸ ಆ ಅಳಿಸುವುದರಲ್ಲೇ ಇತ್ತು. ಸಹೋದ್ಯೋಗಿಯೊಬ್ಬರು ಇದನ್ನು ಮಾಡಿ ನೋಡಿ, ‘ಮಕ್ಕಳಿಗೇನೋ ಖುಷಿ, ಕೇಳಿ ಮುಗಿಸೋದ್ಯಾರು?’ ಎಂದರು. ನ್ಯಾಯವಾದ ಪ್ರಶ್ನೆ. ನಾನು ಪ್ರತಿ ವಾರ ಕೆಲವರದನ್ನಷ್ಟೇ ಪೂರ್ತಿ ಕೇಳಿ, ಒಂದೇ ತಪ್ಪು ತಿದ್ದುತ್ತಿದ್ದೆ. ಉಳಿದವರು ಜೋಡಿಯಾಗಿ ಒಬ್ಬರದನ್ನೊಬ್ಬರು ಕೇಳುತ್ತಿದ್ದರು. ತರಗತಿಗೆ ಮರಳಿದ ಮೇಲೂ ವಾಯ್ಸ್ ಮೆಸೇಜ್ ಬಿಟ್ಟಿಲ್ಲ. ಬ್ರೇಕ್‌ಔಟ್ ರೂಮನ್ನು ಮಾತ್ರ ನಾನೂ ನೆನೆಸಿಕೊಳ್ಳಲಿಲ್ಲ, ಮಕ್ಕಳೂ ನೆನೆಸಿಕೊಳ್ಳಲಿಲ್ಲ.