ಕೀ ಮೊದಲು, ಗ್ಲಾಸ್ ಆಮೇಲೆ

ಹಾಸನದಲ್ಲಿ ತಿಂಗಳಿಗೊಂದು ಭಾನುವಾರ ನಾನೊಂದು ತರಗತಿ ನಡೆಸುತ್ತೇನೆ. ಬರುವವರೆಲ್ಲ ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದವರು. ಕೋರ್ಟಿನಲ್ಲಿ ದಂಡ ಕಟ್ಟಿರುತ್ತಾರೆ, ಲೈಸೆನ್ಸ್ ಅಮಾನತಾಗಿರುತ್ತದೆ. ಮೊದಲ ಅರ್ಧ ಗಂಟೆ ಯಾರೂ ನನ್ನ ಮುಖ ನೋಡುವುದಿಲ್ಲ.

ಶುರುವಿನಲ್ಲಿ ನಾನು ಅಪಘಾತದ ಫೋಟೋಗಳನ್ನು ತೋರಿಸುತ್ತಿದ್ದೆ. ಕಾನೂನು ಓದಿ ಹೇಳುತ್ತಿದ್ದೆ. 100 ಮಿ.ಲೀ. ರಕ್ತದಲ್ಲಿ ಆಲ್ಕೋಹಾಲ್ 30 ಮಿ.ಗ್ರಾಂ ದಾಟಿದರೆ ಅಪರಾಧ. ಮೊದಲ ಸಲ 10,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಎರಡನೇ ಸಲ 15,000, ಜೈಲು 2 ವರ್ಷದವರೆಗೆ. 2019ಕ್ಕೆ ಮುಂಚೆ ಮೊದಲ ಸಲದ ದಂಡ 2,000 ದಾಟುತ್ತಿರಲಿಲ್ಲ, ಈಗ ಒಂದು ತಿಂಗಳ ಸಂಬಳವೇ ಹೋಗುತ್ತದೆ ಅಂತ ಹೆದರಿಸುತ್ತಿದ್ದೆ. ಎಲ್ಲರೂ ತಲೆಯಾಡಿಸುತ್ತಿದ್ದರು.

ಹಾಗೆ ತಲೆಯಾಡಿಸಿ ಹೋದ ಒಬ್ಬ ಹುಡುಗ ನಾಲ್ಕು ತಿಂಗಳಿಗೆ ಮತ್ತೆ ಸಿಕ್ಕಿಬಿದ್ದು ಬಂದ, ಅದೇ ಬೆಂಚು. ಬೈಯಬೇಕು ಅನಿಸಿತು. ಬೈಯಲಿಲ್ಲ. ಅವತ್ತು ಏನೇನಾಯ್ತು, ಗಂಟೆ ಲೆಕ್ಕದಲ್ಲಿ ಹೇಳಪ್ಪ ಅಂದೆ. ಸಂಜೆ 6ಕ್ಕೆ ಊರಿಂದ ಬೈಕಿನಲ್ಲಿ ಹೊರಟಿದ್ದಾನೆ. ಗೆಳೆಯನಿಗೆ ಮಗು ಹುಟ್ಟಿದ ಖುಷಿಗೆ ಬೈಪಾಸ್ ಡಾಬಾದಲ್ಲಿ ಪಾರ್ಟಿ. ಎದ್ದಾಗ ರಾತ್ರಿ ಹತ್ತೂವರೆ. ಊರಿಗೆ ಬಸ್ ಇಲ್ಲ. 14 ಕಿಲೋಮೀಟರ್ ಅಂದರೆ ಆಟೋದವರು ಬರೋಲ್ಲ. ಬೈಕ್ ಅಲ್ಲೇ ಬಿಟ್ಟರೆ ಬೆಳಗ್ಗೆ ಇರುತ್ತೋ ಇಲ್ವೋ. "ಇನ್ನೇನು ಮಾಡ್ಲಿ ಮೇಡಂ, ಹೇಳಿ?"

ನನ್ನ ಹತ್ರ ಉತ್ತರ ಇರಲಿಲ್ಲ. ಕುಡಿದು ಓಡಿಸಬಾರದು ಅಂತ ಅವನಿಗೆ ಮೊದಲೇ ಗೊತ್ತಿತ್ತು. ಹತ್ತೂವರೆಗೆ ಅವನ ಮುಂದೆ ಬೇರೆ ದಾರಿ ಉಳಿದಿರಲಿಲ್ಲ. ದಾರಿ ಇದ್ದದ್ದು ಸಂಜೆ 6ಕ್ಕೆ, ಬೈಕಿನ ಕೀ ಕೈಗೆ ತಗೊಳ್ಳುವಾಗ. ನನ್ನ ಪಾಠವೆಲ್ಲ ಆ ಹತ್ತೂವರೆಯ ಮೇಲೇ ಇತ್ತು.

ಈಗ ತರಗತಿಯ ಅರ್ಧ ಸಮಯ ಒಂದೇ ಪ್ರಶ್ನೆಗೆ ಹೋಗುತ್ತದೆ. ಮುಂದಿನ ಸಲ ಕುಡಿಯೋದು ಎಲ್ಲಿ, ಯಾರ ಜೊತೆ, ವಾಪಸ್ ಹೋಗೋದು ಹೇಗೆ? ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆಯಬೇಕು. "ಹುಷಾರಾಗಿರ್ತೀನಿ" ಅಂತ ಬರೆದರೆ ಚೀಟಿ ವಾಪಸ್ ಕೊಡುತ್ತೇನೆ. "ಹೋಗ್ತಾ ಬಸ್ಸು, ಬರ್ತಾ ಭಾವನ ಕಾರು, ಭಾವ ಕುಡಿಯಲ್ಲ" ಅಂತ ಬರೆದರೆ ಸರಿ. ಆ ಭಾವನಿಗೆ ಅಲ್ಲೇ ಫೋನ್ ಮಾಡಿಸುತ್ತೇನೆ. ಹೆಂಡತಿ, ಅಮ್ಮ, ಅಣ್ಣ, ಯಾರಾದರೂ ಒಬ್ಬರನ್ನು ಕರೆದುಕೊಂಡು ಬನ್ನಿ ಅಂತಲೂ ಹೇಳುತ್ತೇನೆ. ಹೈದರಾಬಾದಿನ ಟ್ರಾಫಿಕ್ ಪೊಲೀಸರು ಕೌನ್ಸೆಲಿಂಗಿಗೆ ಮನೆಯವರನ್ನೂ ಕರೆಸುತ್ತಾರೆ. ಅದನ್ನು ನೋಡಿಯೇ ಕಲಿತದ್ದು.

ಉಳಿದರ್ಧದಲ್ಲಿ ಲೆಕ್ಕ. ಮೇಜಿನ ಮೇಲೆ 650 ಮಿ.ಲೀ.ನ ಖಾಲಿ ಬಿಯರ್ ಬಾಟಲಿ, ಪಕ್ಕದಲ್ಲಿ ಬಣ್ಣದ ನೀರು ತುಂಬಿದ ನಾಲ್ಕು ಗ್ಲಾಸು, ಒಂದೊಂದರಲ್ಲಿ 30 ಮಿ.ಲೀ. ಯಾವುದು ಜಾಸ್ತಿ ಅಂತ ಕೇಳುತ್ತೇನೆ. "ಬಿಯರ್ ಏನೂ ಅಲ್ಲ ಬಿಡಿ" ಅಂತ ಹಿಂದಿನ ಸಾಲಿನಿಂದ ಒಂದು ದನಿ ಬಂದೇ ಬರುತ್ತದೆ. ಶೇ. 8ರ ಸ್ಟ್ರಾಂಗ್ ಬಿಯರ್ ಒಂದು ಬಾಟಲಿಯೂ ನಾಲ್ಕು ಪೆಗ್ ವಿಸ್ಕಿಯೂ ಹೆಚ್ಚುಕಡಿಮೆ ಒಂದೇ, ಎರಡರಲ್ಲೂ ಸುಮಾರು 40 ಗ್ರಾಂ ಆಲ್ಕೋಹಾಲ್. ಇದನ್ನು ಕೇಳಿದಾಗ ಅವರ ಮುಖದಲ್ಲಿ ಕಾಣುವ ಗಾಬರಿ ಯಾವ ಫೋಟೋ ತೋರಿಸಿದಾಗಲೂ ಕಂಡಿರಲಿಲ್ಲ. ಕ್ವಾರ್ಟರ್ ವಿಸ್ಕಿ, ಅಂದರೆ 180 ಮಿ.ಲೀ., ಅದರಲ್ಲಿ ಸುಮಾರು 60 ಗ್ರಾಂ. ಲಿವರ್ ಗಂಟೆಗೆ ಕರಗಿಸೋದು 7ರಿಂದ 10 ಗ್ರಾಂ ಅಷ್ಟೇ. ರಾತ್ರಿ 11ಕ್ಕೆ ಮುಗಿಸಿ ಮಲಗಿ, ಬೆಳಗ್ಗೆ 5ಕ್ಕೆ ಹಾಲಿನ ವ್ಯಾನ್ ಹತ್ತಿದರೆ ಇನ್ನೂ ಮೈಯಲ್ಲಿ ಇರಬಹುದು. ಮಜ್ಜಿಗೆ, ನಿಂಬೆಹಣ್ಣು, ತಣ್ಣೀರು ಸ್ನಾನ, ಬೀಡಾ, ಯಾವುದರಿಂದಲೂ ಅದು ಬೇಗ ಇಳಿಯೋಲ್ಲ. ಬೀಡಾ ವಾಸನೆ ಮುಚ್ಚುತ್ತದೆ, ಕೈಕಾಲು ಹಿಡಿತಕ್ಕೆ ತರೋಲ್ಲ.

ಕೆಲವು ಭಾನುವಾರ ಒಬ್ಬ ಅಕ್ಕ ಬರುತ್ತಾರೆ. ಅವರ ಯಜಮಾನರಿಗೆ ಕುಡಿದವನೊಬ್ಬ ಹಿಂದಿನಿಂದ ಗುದ್ದಿದ್ದ. ಅವರು ಅಳೋದಿಲ್ಲ, ಯಾರನ್ನೂ ಬೈಯೋದಿಲ್ಲ. ನಜ್ಜುಗುಜ್ಜಾದ ಆ ಬೈಕಿಗೆ ಇನ್ನೂ 11 ಕಂತು ಬಾಕಿ ಇತ್ತು, ಯಜಮಾನರು ಹೋದ ಮೇಲೂ ಕಟ್ಟಿದೆ ಅಂತ ಹೇಳುತ್ತಾರೆ. ಅಲ್ಲಿ ಕೂತವರಲ್ಲಿ ಮುಕ್ಕಾಲು ಪಾಲು ಜನ ಬೈಕಿನ ಕಂತು ಕಟ್ಟುತ್ತಿರುವವರೇ. ರೂಮಿನಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಕೇಳೋಲ್ಲ.

ಚೀಟಿ, ಲೆಕ್ಕ ಎಲ್ಲರಿಗೂ ಸಾಲುವುದಿಲ್ಲ. ಇದನ್ನು ನಾನು ತಡವಾಗಿ ಕಲಿತೆ. ಈಗ ಎಲ್ಲರಿಗೂ ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ ಅನ್ನುವ, ಕುಡಿತ ಎಷ್ಟು ಹಿಡಿದಿದೆ ಅಂತ ಅಳೆಯುವ 10 ಪ್ರಶ್ನೆ ಕೇಳುತ್ತೇನೆ. ಅಂಕ 20ರ ಹತ್ತಿರ ಹೋದರೆ, ಬೆಳಗ್ಗೆ ಕೈ ನಡುಗುತ್ತದೆ ಅಂದರೆ, ಅವರಿಗೆ ಬೇಕಾದ್ದು ಡಾಕ್ಟರು. "ನಾಳೆಯಿಂದ ಬಿಟ್ಟುಬಿಡ್ತೀನಿ" ಅಂದವರಿಗೆ ಬೇಡ ಅನ್ನುತ್ತೇನೆ. ಅಂಥವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಜೊತೆಗೇ ಹೋಗುತ್ತೇನೆ. ಬರಲು ನಾಚಿಕೆ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಕೊಡುತ್ತೇನೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಬಂದವರೆಲ್ಲ ಸುಧಾರಿಸಿದರು ಅಂತ ಹೇಳಲಾರೆ. ಮೂರು ತಿಂಗಳು ಶನಿವಾರ ಸಂಜೆ ಫೋನ್ ಮಾಡುತ್ತೇನೆ. ಬೈಕ್ ಎಲ್ಲಿದೆ ಅಂತ ಮಾತ್ರ ಕೇಳುತ್ತೇನೆ. ಕೆಲವರು ಎತ್ತೋದೇ ಇಲ್ಲ. ಎರಡನೇ ಸಲ ಬಂದಿದ್ದ ಆ ಹುಡುಗ ಎತ್ತುತ್ತಾನೆ. "ಮನೇಲಿದೆ ಮೇಡಂ, ಕೀ ಅಮ್ಮನ ಹತ್ರ" ಅನ್ನುತ್ತಾನೆ. ಹಿಂದಿನಿಂದ ಅವರಮ್ಮ ಹೌದು ಹೌದು ಅನ್ನೋದು ಕೇಳಿಸುತ್ತದೆ.

ಆದರೂ ಹತ್ತೂವರೆಗೆ ಡಾಬಾದಲ್ಲಿ ಸಿಕ್ಕಿಕೊಂಡವನ ಬೈಕಿಗೆ ಒಂದು ಜಾಗ ಬೇಕಲ್ವಾ? ಅದಕ್ಕೇ ಈಗ ಬೈಪಾಸಿನ ಡಾಬಾ ಮಾಲೀಕರ ಹತ್ರ ಓಡಾಡುತ್ತಿದ್ದೇನೆ. ಕೀ ಗಲ್ಲಾದಲ್ಲಿ ಇಟ್ಟುಕೊಳ್ಳಿ, ಬೈಕನ್ನು ರಾತ್ರಿ ಒಳಗೆ ನಿಲ್ಲಿಸಿ, ಬೆಳಗ್ಗೆ ಬಂದು ತಗೊಂಡು ಹೋಗಲಿ. ಇಬ್ಬರು ಒಪ್ಪಿದ್ದಾರೆ. ಮೂರನೆಯವರು ವ್ಯಾಪಾರ ಹೋಗುತ್ತೆ ಅಂದರು. ಬರುವ ವಾರ ಅವರ ಹತ್ರ ಮತ್ತೆ ಹೋಗುತ್ತೇನೆ, ಈ ಸಲ ಅಕ್ಕನನ್ನೂ ಕರೆದುಕೊಂಡು.